ಬಾಚಿ, ಉಳಿ, ಬೈರಿಗೆ

ನಿಮ್ಮ ಹವ್ಯಾಸವೇನೆಂದು ಕೇಳಿದರೆ ನಮ್ಮ ಮಿತ್ರರಲ್ಲಿ ಹೆಚ್ಚಿನವರು ಛಾಯಾಚಿತ್ರಗ್ರಹಣ, ಅಂಚೆಚೀಟಿ ಸಂಗ್ರಹ, ಕಾದಂಬರಿ ವಾಚನ, ಯಕ್ಷಗಾನ ಎಂದು ಬೆರಳು ಮಡಚುತ್ತಾರೆ. ಇವೆಲ್ಲವೂ ಒಳ್ಳೆಯ ಹವ್ಯಾಸಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೊಂಡಾದ ಉಳಿಯೊಂದನ್ನು ಸಾಣೆಕಲ್ಲಿನ ಮೇಲೆ ಉಜ್ಜಿ ಹರಿತಗೊಳಿಸುವುದೂ ಒಂದು ಹವ್ಯಾಸವೆಂದರೆ ಕೆಲವರಿಗೆ ನಗು ಬಂದೀತು. ಕಳೆದ ಎರಡು ವರ್ಷಗಳಿಂದ ನನ್ನ ಹವ್ಯಾಸ ಅದೇ ಆಗಿದೆ. ಕನ್ನಡ, ಇತಿಹಾಸಗಳನ್ನು ಓದಬೇಕಾದ ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಬಡಗಿಯ ಹತ್ಯಾರುಗಳ ವಿಚಾರ ಬರೆಯಹೊರಟುದೇಕೆ ಎಂದು ನಮ್ಮ ಅಧ್ಯಾಪಕರು ಕೇಳಿಯಾರು. ಆ ಹತ್ಯಾರುಗಳಲ್ಲಿ ಇತಿಹಾಸವೂ ಇದೆ, ಕನ್ನಡವೂ ಇದೆ ಎಂಬುದೇ ನನ್ನ ಉತ್ತರ. ಅದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ನನ್ನ ಊರು ಹೆಜಮಾಡಿ. ಉಡುಪಿ ಜಿಲ್ಲೆಯ ತೆಂಕಣ ಅಂಚಿನಲ್ಲಿ, ಪಡುವಣ ಕಡಲಿಗೂ ಶಾಂಭವಿ ಹೊಳೆಗೂ ನಡುವೆ ಇರುವ ಊರದು. ಹೊಳೆ ದಾಟಿದರೆ ಮೂಲ್ಕಿ. ಅಲ್ಲಿಂದ ದಕ್ಷಿಣ ಕನ್ನಡ ಜಿಲ್ಲೆ. ಹೊಳೆ ಕಡಲನ್ನು ಕೂಡುವ ಕಡೆಯನ್ನು ಹೆಜಮಾಡಿ ಕೋಡಿ ಎನ್ನುತ್ತಾರೆ. ಕಡಲು, ಹೊಳೆ, ತೆಂಗಿನ ತೋಟ, ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ – ಇಂಥ ಊರಿನಲ್ಲಿ ಬಡಗಿಗೆ ಕೆಲಸದ ಕೊರತೆ ಇರಲಿಲ್ಲ. ಮೀನುಗಾರನಿಗೆ ದೋಣಿ ಬೇಕು, ಮನೆಗೆ ಮಾಡು ಬೇಕು, ಬೇಸಾಯಕ್ಕೆ ನೇಗಿಲು ಬೇಕು, ಅಡಿಗೆಮನೆಗೆ ತುರಿಮಣೆ ಬೇಕು, ದೇವಸ್ಥಾನಕ್ಕೆ ತೇರು ಬೇಕು. ಇವೆಲ್ಲವನ್ನೂ ಮಾಡಿಕೊಡುತ್ತಿದ್ದ ಆಚಾರಿಗಳ ಮನೆಗಳಲ್ಲಿ ನಮ್ಮದೂ ಒಂದು. ನನ್ನ ಅಜ್ಜನಿಗೆ ಈಗ ಎಂಬತ್ತು ದಾಟಿದೆ. ಕೈ ನಡುಗುತ್ತದೆ, ಆದರೆ ನಾಲ್ಕು ಮಾರು ದೂರದಿಂದಲೇ ಒಂದು ಹಲಗೆ ಎಲ್ಲಿ ಸೊಟ್ಟಗಿದೆಯೆಂದು ಹೇಳುವ ಕಣ್ಣು ಇನ್ನೂ ಹಾಗೆಯೇ ಇದೆ. ಇಲ್ಲಿ ಬರೆದ ವಿಷಯಗಳಲ್ಲಿ ಅರ್ಧ ಪಾಲು ಅವರು ಹೇಳಿದ್ದು. ಉಳಿದರ್ಧ ಅವರ ಮಾತನ್ನು ಹಿಡಿದುಕೊಂಡು ನಾನು ಪುಸ್ತಕಗಳಲ್ಲಿ ಹುಡುಕಿದ್ದು.

ಅಜ್ಜನ ಹತ್ಯಾರಿನ ಪೆಟ್ಟಿಗೆ ಹಲಸಿನ ಮರದ್ದು. ಅದರೊಳಗಿನ ಹತ್ಯಾರುಗಳನ್ನು ಅವರು ಐದು ಬಗೆಯಾಗಿ ವಿಂಗಡಿಸುತ್ತಾರೆ: ಅಳೆಯುವಂಥವು, ಸೀಳುವಂಥವು, ಕೊರೆಯುವಂಥವು, ನಯ ಮಾಡುವಂಥವು, ಹೊಡೆಯುವಂಥವು. ಈ ವಿಂಗಡಣೆ ಯಾವ ಪುಸ್ತಕದ್ದೂ ಅಲ್ಲ; ಕೆಲಸದ ಕ್ರಮವೇ ಅದು. ನಾನೂ ಸುಮಾರಾಗಿ ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲು ಅಳತೆ. ನಮ್ಮ ಕಡೆ ಬಾವಿಯ ಆಳವನ್ನು ಇಂದಿಗೂ ಕೋಲಿನಲ್ಲಿ ಹೇಳುವವರಿದ್ದಾರೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಅಜ್ಜನ ಪೆಟ್ಟಿಗೆಯಲ್ಲಿ ಗೀಟು ಕೊರೆದ ಮರದ ಕೋಲೊಂದಿದೆ, ಅಡಿ–ಇಂಚುಗಳ ಮಡಚುವ ಪಟ್ಟಿಯೊಂದಿದೆ, ಮೀಟರಿನ ಟೇಪೂ ಇದೆ. ಒಂದೇ ಪೆಟ್ಟಿಗೆಯಲ್ಲಿ ಮೂರು ಕಾಲಗಳು ಒಟ್ಟಿಗೆ ಮಲಗಿವೆಯೆನ್ನಬಹುದು. ಮೆಟ್ರಿಕ್ ಪದ್ಧತಿಗಾಗಿ ನಮ್ಮ ದೇಶದಲ್ಲಿ 1956ರಲ್ಲಿ ಕಾನೂನು ಬಂದು, 1958ರಿಂದ ಹಂತಹಂತವಾಗಿ ಅದು ಜಾರಿಯಾಯಿತು. ಆದರೂ ಇಂಚು ಹೋಗಲಿಲ್ಲ. ಇಂಚಿನ ಎಂಟನೆಯ ಒಂದು ಭಾಗಕ್ಕೆ ಅಜ್ಜ ಇಂದಿಗೂ ‘ನೂಲು’ ಎನ್ನುತ್ತಾರೆ. ‘ಎರಡು ನೂಲು ತೆಗೆ’ ಎಂದರೆ ಕಾಲು ಇಂಚು ತೆಗೆಯಬೇಕೆಂದು ಅರ್ಥ. ಪ್ಲೈವುಡ್ ಅಂಗಡಿಗೆ ಹೋಗಿ ನೋಡಿ: ಹಾಳೆಯ ಉದ್ದಗಲ 8 ಅಡಿಗೆ 4 ಅಡಿ, ದಪ್ಪ ಮಾತ್ರ 12 ಮಿಲಿಮೀಟರ್ ಅಥವಾ 18 ಮಿಲಿಮೀಟರ್! ಹಳೆಯ ಅಳತೆಗೂ ಹೊಸ ಅಳತೆಗೂ ಒಂದೇ ಹಾಳೆಯಲ್ಲಿ ರಾಜಿಯಾಗಿದೆ.

ಅಳತೆಯ ಜೊತೆಗೆ ಗೆರೆ. ಇದ್ದಲಿನ ಮಸಿಯಲ್ಲಿ ಅದ್ದಿದ ದಾರವನ್ನು ಮರದ ಎರಡು ತುದಿಗಳಲ್ಲಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಕೂದಲೆಳೆಯಷ್ಟು ನೇರವಾದ ಕರಿಗೆರೆ ಮೂಡುತ್ತದೆ. ಡೊಂಕಾದ ದಿಮ್ಮಿಯ ಮೇಲೂ ನೇರಗೆರೆ ಎಳೆಯುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಯೇ ನೇರಗೆರೆಯೆಂದು ನಾವು ರೇಖಾಗಣಿತದಲ್ಲಿ ಬಾಯಿಪಾಠ ಮಾಡಿದ್ದನ್ನು ಬಿಗಿದ ದಾರ ತಾನಾಗಿಯೇ ಮಾಡಿ ತೋರಿಸುತ್ತದೆ.

ಇನ್ನು ಬಾಚಿ. ಕೊಡಲಿಯ ಅಲಗು ಕಾವಿಗೆ ಸಮಾನಾಂತರವಾಗಿದ್ದರೆ ಬಾಚಿಯ ಅಲಗು ಕಾವಿಗೆ ಅಡ್ಡವಾಗಿರುತ್ತದೆ, ಗುದ್ದಲಿಯ ಹಾಗೆ. ಮರದ ಹೊರಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸಿ ಸಮಮಾಡಲು, ದೋಣಿಯ ಒಳಮೈಯನ್ನು ತೋಡಲು ಇದು ಬೇಕು. ಬಾಚಿಯ ಕೆಲಸದಲ್ಲಿ ಬಲಕ್ಕಿಂತ ಎಳೆಯ ಜ್ಞಾನ ಮುಖ್ಯ. ಮರದ ಎಳೆ ಯಾವ ಕಡೆ ಏರುತ್ತದೆಯೋ ಆ ಕಡೆಗೆ ಹೊಡೆದರೆ ಚಕ್ಕೆ ತೆಳ್ಳಗೆ ಏಳುತ್ತದೆ. ತಿರುವು ಮುರುವಾದರೆ ಅಲಗು ಒಳಹೊಕ್ಕು ಮರವನ್ನು ಸೀಳಿಬಿಡುತ್ತದೆ. ಅಜ್ಜ ಯಾವ ಮರವನ್ನಾದರೂ ಮುಟ್ಟುವ ಮೊದಲು ಅಂಗೈಯಿಂದ ಒಮ್ಮೆ ಸವರುವುದು ಎಳೆ ಯಾವ ಕಡೆಗಿದೆಯೆಂದು ತಿಳಿಯಲಿಕ್ಕೆ.

ಉಳಿಗಳು ಪೆಟ್ಟಿಗೆಯಲ್ಲಿ ಹದಿನಾಲ್ಕಿವೆ. ಅಗಲ ಉಳಿ, ಕಿರಿದಾದ ಉಳಿ, ಬಾಗಿದ ಬಾಯಿಯ ಉಳಿ ಎಂದು ಒಂದೊಂದಕ್ಕೂ ಒಂದೊಂದು ಕೆಲಸ. ಉಳಿಯನ್ನು ಕಬ್ಬಿಣದ ಸುತ್ತಿಗೆಯಿಂದ ಹೊಡೆಯಬಾರದು, ಮರದ ಕೊಡತಿಯಿಂದಲೇ ಹೊಡೆಯಬೇಕು. ಕಬ್ಬಿಣದ ಪೆಟ್ಟಿಗೆ ಹಿಡಿ ಬೇಗನೆ ಒಡೆಯುತ್ತದೆ. ಗಟ್ಟಿಯಾದ ಹುಣಿಸೆಯ ತಿರುಳಿನ ಕೊಡತಿಯಾದರೆ ಪೆಟ್ಟೂ ಬೀಳುತ್ತದೆ, ಹಿಡಿಯೂ ಉಳಿಯುತ್ತದೆ.

ಉಳಿಯ ಬೆಲೆ ಇರುವುದು ಅದರ ಹದದಲ್ಲಿ. ಈ ಹದ ಬಡಗಿಯದಲ್ಲ, ಕಮ್ಮಾರನದು. ಉಕ್ಕನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಫಕ್ಕನೆ ನೀರಿಗೆ ಅದ್ದಿದರೆ ಅದು ಬಹಳ ಗಡುಸಾಗುತ್ತದೆ. ಆದರೆ ಗಾಜಿನಂತೆ ಒಡೆಯುವ ಗುಣವೂ ಬರುತ್ತದೆ. ಆದುದರಿಂದ ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಹಗುರವಾಗಿ ಕಾಯಿಸುತ್ತಾರೆ. ಆಗ ಉಕ್ಕಿನ ಮೈಮೇಲೆ ಬಣ್ಣಗಳು ಒಂದರ ಹಿಂದೆ ಒಂದು ಓಡುತ್ತವೆ. ಸುಮಾರು 230 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, ಮುಂದೆ ಕಂದು, ನೇರಳೆ, 300 ಡಿಗ್ರಿಯ ಹತ್ತಿರ ನೀಲಿ. ಮರಗೆಲಸದ ಉಳಿಗೆ ಹಳದಿಯ ಹಂತ ಸರಿ. ನೀಲಿಗೆ ಹೋದರೆ ಬಾಯಿ ಮೆತ್ತಗಾಗುತ್ತದೆ, ಸ್ಪ್ರಿಂಗಿಗೆ ಮಾತ್ರ ಸಲ್ಲುತ್ತದೆ. ಉಷ್ಣಮಾಪಕವಿಲ್ಲದ ಕಮ್ಮಾರನಿಗೆ ಬಣ್ಣವೇ ಉಷ್ಣಮಾಪಕ. ಬೆಂಕಿಯ ಮುಂದೆ ನಿಂತು ಒಂದು ಕ್ಷಣದಲ್ಲಿ ಮಾಡಬೇಕಾದ ಈ ತೀರ್ಮಾನವನ್ನು ಯಾವ ಶಾಲೆಗೂ ಹೋಗದವರು ಕಣ್ಣಿನಿಂದಲೇ ಕಲಿತು ಕಲಿಸುತ್ತಿದ್ದರು. ಅಜ್ಜನ ಉಳಿಗಳಲ್ಲಿ ಹಲವು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರರು ಬಡಿದು ಕೊಟ್ಟವು.

ಎಲ್ಲಕ್ಕಿಂತ ನನಗೆ ಅಚ್ಚುಮೆಚ್ಚಿನದು ಬೈರಿಗೆ. ಇದು ತೂತು ಕೊರೆಯುವ ಹತ್ಯಾರು. ನಿಂತ ಮರದ ದಂಡವೊಂದರ ಕೆಳತುದಿಗೆ ಉಕ್ಕಿನ ಮೊನೆ. ಮೇಲ್ತುದಿಯನ್ನು ಒತ್ತಿಹಿಡಿಯಲು ತೆಂಗಿನ ಗೆರಟೆಯ ತುಂಡು. ದಂಡಕ್ಕೆ ಒಂದು ಸುತ್ತು ಹುರಿ ಸುತ್ತಿ, ಹುರಿಯ ಎರಡು ತುದಿಗಳನ್ನು ಬಿಲ್ಲಿಗೆ ಬಿಗಿದು ಮುಂದಕ್ಕೂ ಹಿಂದಕ್ಕೂ ಎಳೆದರೆ ದಂಡ ಗಿರಗಿರನೆ ತಿರುಗುತ್ತದೆ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುವುದರಿಂದ ಮೊನೆಯನ್ನು ಎರಡೂ ಕಡೆ ಕೆರೆಯುವಂತೆ ಸಮನಾಗಿ ಸಾಣೆ ಹಿಡಿಯಬೇಕು. ಒಂದೇ ಕಡೆ ತಿರುಗುವ ಇಂದಿನ ವಿದ್ಯುತ್ ಯಂತ್ರದ ಮೊನೆಗೂ ಇದಕ್ಕೂ ಇರುವ ವ್ಯತ್ಯಾಸವೇ ಇದು.

ಈ ಉಪಾಯದ ವಯಸ್ಸನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಈಗ ಪಾಕಿಸ್ತಾನದಲ್ಲಿರುವ ಬಲೂಚಿಸ್ತಾನದ ಮೆಹರ್‌ಗಢದಲ್ಲಿ 7500ರಿಂದ 9000 ವರ್ಷ ಹಿಂದಿನ ಸಮಾಧಿಗಳಲ್ಲಿ, 9 ಮಂದಿಯ 11 ಹಲ್ಲುಗಳಲ್ಲಿ ಅಚ್ಚುಕಟ್ಟಾಗಿ ಕೊರೆದ ತೂತುಗಳು ಕಂಡುಬಂದುವೆಂದು 2006ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಬದುಕಿದ್ದಾಗಲೇ ಕೊರೆದ ತೂತುಗಳವು. ಮಣಿಗಳಿಗೆ ತೂತು ಕೊರೆಯುತ್ತಿದ್ದ, ಕಲ್ಲಿನ ಮೊನೆಯ ಬಿಲ್ಲು ಬೈರಿಗೆಯಿಂದಲೇ ಇದನ್ನು ಮಾಡಿರಬೇಕೆಂದು ಅವರ ಊಹೆ. ಈಜಿಪ್ಟಿನ ಲಕ್ಸರಿನ ಬಳಿ, ಸುಮಾರು 3400 ವರ್ಷ ಹಿಂದಿನ ರೆಖ್ಮಿರೆ ಎಂಬ ಮಂತ್ರಿಯ ಸಮಾಧಿಯ ಗೋಡೆಯ ಮೇಲೆ ಬಡಗಿಯೊಬ್ಬ ಕುರ್ಚಿಗೆ ಬಿಲ್ಲು ಬೈರಿಗೆಯಿಂದ ತೂತು ಹಾಕುವ ಚಿತ್ರವಿದೆ. ಆ ಬಡಗಿಯನ್ನು ನಮ್ಮ ಅಂಗಳಕ್ಕೆ ಕರೆತಂದು ಅಜ್ಜನ ಬೈರಿಗೆಯನ್ನು ಕೈಗೆ ಕೊಟ್ಟರೆ ಯಾವ ವಿವರಣೆಯೂ ಬೇಕಾಗದೆ ಕೆಲಸಕ್ಕೆ ಕುಳಿತುಬಿಡುತ್ತಿದ್ದನೇನೋ!

ನಮ್ಮ ಕರಾವಳಿಯಲ್ಲಿ ಬೈರಿಗೆಗೆ ದೊಡ್ಡ ಕೆಲಸವಿದ್ದದ್ದು ದೋಣಿ ಕಟ್ಟುವಲ್ಲಿ. ಹಿಂದೆ ರಂಪಣಿ ಬಲೆಯ ದೊಡ್ಡ ದೋಣಿಗಳ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜೋಡಿಸುತ್ತಿರಲಿಲ್ಲ. ಹಲಗೆಗಳ ಅಂಚಿನುದ್ದಕ್ಕೂ ತೂತುಗಳನ್ನು ಕೊರೆದು, ತೆಂಗಿನ ನಾರಿನ ಹುರಿಯಿಂದ ಬಟ್ಟೆ ಹೊಲಿದಂತೆ ಹೊಲಿಯುತ್ತಿದ್ದರು. ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ, ಹುರಿಗೆ ತುಕ್ಕಿಲ್ಲ. ಅಲ್ಲದೆ ಹೊಲಿದ ದೋಣಿ ಅಲೆಯ ಪೆಟ್ಟಿಗೆ ತುಸು ಬಾಗಿಕೊಡುತ್ತದೆ. ಮರಳ ದಂಡೆಗೆ ಎಳೆಯುವಾಗ ಒಡೆಯುವುದಿಲ್ಲ. ಹುರಿ ಹಳತಾದರೆ ಬಿಚ್ಚಿ, ಅದೇ ತೂತುಗಳಲ್ಲಿ ಹೊಸ ಹುರಿ ಪೋಣಿಸಿದರಾಯಿತು. ಅಜ್ಜ ಹುಡುಗನಾಗಿದ್ದಾಗ ಅವರ ಮೊದಲ ಕೆಲಸ ಬೇರೆಯವರು ಕೊರೆಯುವಾಗ ಬೈರಿಗೆಯ ಹುರಿ ಎಳೆಯುವುದು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ಯಂತ್ರದ ದೋಣಿಗಳು ಬಂದ ಮೇಲೆ ರಂಪಣಿ ಮೂಲೆ ಸೇರಿತು; ಮುಂದೆ ಫೈಬರ್ ದೋಣಿಗಳು ಬಂದುವು. ಹೊಲಿಯುವ ದೋಣಿಯೊಡನೆ ಬೈರಿಗೆಯೂ ಪೆಟ್ಟಿಗೆಯ ಅಡಿ ಸೇರಿತು.

ಗರಗಸದ ವಿಚಾರವಾಗಿ ಒಂದೇ ಮಾತು. ಅದರ ಹಲ್ಲುಗಳನ್ನು ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ತುಸು ಬಾಗಿಸಿರುತ್ತಾರೆ. ಹೀಗೆ ಮಾಡಿದರೆ ಸೀಳು ಅಲಗಿಗಿಂತ ಅಗಲವಾಗಿ, ಗರಗಸ ಮರದೊಳಗೆ ಸಿಕ್ಕಿಬೀಳುವುದಿಲ್ಲ. ‘ಗರಗಸ ಓಡುವುದಿಲ್ಲ’ ಎಂದು ಬಲ ಹಾಕುವವರು ಮೊದಲು ಹಲ್ಲುಗಳನ್ನು ನೋಡತಕ್ಕದ್ದು.

ಕೀಸುಳಿಯೆಂದರೆ ಮರದ ಕಟ್ಟೊಳಗೆ ಓರೆಯಾಗಿ ನಿಲ್ಲಿಸಿ ಬೆಣೆಯಿಂದ ಬಿಗಿದ ಒಂದು ಅಗಲ ಉಳಿಯೇ ಸರಿ. ಕಟ್ಟಿನ ಅಡಿ ಸಮತಟ್ಟಾಗಿರುವುದರಿಂದ ಅಲಗು ಮರದ ಉಬ್ಬುಗಳನ್ನು ಮಾತ್ರ ಕೀಸಿ, ತಗ್ಗುಗಳನ್ನು ಮುಟ್ಟದೆ ಹೋಗುತ್ತದೆ. ಕೊನೆಗೆ ಉಬ್ಬುತಗ್ಗುಗಳೆರಡೂ ಇಲ್ಲದಂತಾಗುತ್ತದೆ. ಕ್ರಿ. ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪೊಂಪೇಯಿ ಪಟ್ಟಣದಲ್ಲಿ ಸಿಕ್ಕಿದ ಕೀಸುಳಿಗಳಿಗೂ ಇಂದಿನವಕ್ಕೂ ತತ್ತ್ವದಲ್ಲಿ ಭೇದವಿಲ್ಲ. ನಾವು ಕೀಸುಳಿಯನ್ನು ಮುಂದಕ್ಕೆ ತಳ್ಳುತ್ತೇವೆ. ಜಪಾನಿನ ಬಡಗಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ದೇಶ ಬೇರೆಯಾದರೆ ಮೈಯ ಅಭ್ಯಾಸವೂ ಬೇರೆ. ಕೆಲಸ ಮಾತ್ರ ಒಂದೇ.

ಹತ್ಯಾರುಗಳನ್ನು ಬಲ್ಲವನು ಮರವನ್ನೂ ಬಲ್ಲವನಾಗಬೇಕು. ಹಸಿಮರ ಒಣಗುವಾಗ ಅಗಲದಲ್ಲಿ ನೂರಕ್ಕೆ ಐದಾರು ಪಾಲಿನಷ್ಟು ಕುಗ್ಗುವುದುಂಟು. ಉದ್ದದಲ್ಲಾದರೋ ನೂರಕ್ಕೆ ಒಂದರ ಹತ್ತನೆಯ ಒಂದು ಭಾಗದಷ್ಟು ಕುಗ್ಗಿದರೆ ಹೆಚ್ಚು. ಒಣಗಿದ ಮೇಲೂ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುವುದು, ಬೇಸಗೆಯಲ್ಲಿ ಕುಗ್ಗುವುದು ನಿಲ್ಲುವುದಿಲ್ಲ. ಆಟಿ ತಿಂಗಳಲ್ಲಿ ನಮ್ಮ ಊರಿನ ಬಾಗಿಲುಗಳೆಲ್ಲ ಬಿಗಿಯಾಗಿ ಕಿರುಗುಟ್ಟುತ್ತವೆ. ಆಗ ಕೀಸುಳಿ ಹಿಡಿದು ಬರುವಂತೆ ಕರೆದವರಿಗೆ ಅಜ್ಜ, ‘ಸೋಣ ಕಳೆಯಲಿ, ಅದು ತಾನಾಗಿಯೇ ಸರಿಯಾಗುತ್ತದೆ. ಈಗ ಕೀಸಿದರೆ ಸುಗ್ಗಿಯಲ್ಲಿ ಬಾಗಿಲ ಸಂದಿನಿಂದ ಬೆಕ್ಕು ಬಂದೀತು’ ಎನ್ನುತ್ತಿದ್ದರಂತೆ. ಒಂದು ದಿನದ ಕೂಲಿಯನ್ನು ಬಿಟ್ಟುಕೊಟ್ಟು ಹೇಳುವ ಮಾತು ಇದು ಎಂಬುದನ್ನು ನಾವು ಗಮನಿಸಬೇಕು.

ಹಳೆಯ ಮನೆಗಳ ಮರದ ಜೋಡಣೆಗಳಲ್ಲಿ ಮೊಳೆ ಕಡಿಮೆಯಾಗಿರುವುದಕ್ಕೂ ಇದೇ ಕಾರಣ. ಒಂದು ಮರದ ತುದಿಯನ್ನು ನಾಲಗೆಯಂತೆ ಕಡೆದು, ಇನ್ನೊಂದರ ಚೌಕದ ತೂತಿನಲ್ಲಿ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆದರೆ ಮರ ಹಿಗ್ಗಲೂ ಕುಗ್ಗಲೂ ಎಡೆಯಿರುತ್ತದೆ. ಗೂಟ ತೆಗೆದರೆ ಇಡೀ ಮನೆಯನ್ನೇ ಬಿಚ್ಚಬಹುದು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿದವರಿಗೆ ಇದು ಚೆನ್ನಾಗಿ ಮನವರಿಕೆಯಾಗುತ್ತದೆ. ಕುಂದಾಪುರ ಕಡೆಯ ಹರಕೂರು ಒಳಗಿನಮನೆಯೇ ಮೊದಲಾದ ಮನೆಗಳನ್ನು ಇದ್ದಲ್ಲಿಂದ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಬಿಚ್ಚಲು ಬರುವಂತೆ ಕಟ್ಟಿದ ಪೂರ್ವಿಕರ ಜಾಣ್ಮೆಯಿಂದಲೇ ಅದು ಸಾಧ್ಯವಾಯಿತು.

ಹಳೆಯದೆಲ್ಲ ಚಿನ್ನ, ಹೊಸತೆಲ್ಲ ಮಣ್ಣು ಎಂದು ನಾನು ಹೇಳಹೊರಟಿಲ್ಲ. ಹತ್ಯಾರುಗಳ ಲೋಕದಲ್ಲಿ ಹೊಸತು ಯಾವಾಗಲೂ ಬರುತ್ತಲೇ ಇತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡುಗಳು ಹಂಚಿನ ಮಾಡುಗಳಾದುವು. ಹಂಚು ಒಂದಕ್ಕೊಂದು ಸರಿಯಾಗಿ ಕೂರಬೇಕಾದರೆ ಪಕ್ಕಾಸು ನೇರವಾಗಿರಬೇಕು, ರೀಪುಗಳು ಸಮದೂರದಲ್ಲಿರಬೇಕು. ಹುಲ್ಲು ಹೊದಿಸುವಾಗ ಬೇಕಾಗದಿದ್ದ ಕಟ್ಟುನಿಟ್ಟಾದ ಅಳತೆಯನ್ನು ಮನೆ ಕಟ್ಟುವ ಬಡಗಿಯಿಂದ ಕೇಳಿದ್ದು ಹಂಚು. ಹೀಗೆ ಒಂದು ಕಾರ್ಖಾನೆ ಬಂದು ಕೈಕೆಲಸಕ್ಕೆ ಹೊಸ ಕೆಲಸವನ್ನು ಕೊಟ್ಟಿತು. ವಿದ್ಯುತ್ತಿನ ಬೈರಿಗೆಯನ್ನು ಮೊದಲು ಕಂಡಾಗ ತನಗೆ ಆದದ್ದು ಬೇಸರವಲ್ಲ, ಸಂತೋಷವೆಂದು ಅಜ್ಜನೇ ಹೇಳುತ್ತಾರೆ: ‘ಹುರಿ ಎಳೆದು ಎಳೆದು ನನ್ನ ಭುಜ ಸವೆದದ್ದು ನಿನಗೇನು ಗೊತ್ತು, ಮಗಾ?’

ಹಾಗಾದರೆ ಕಳೆದುಹೋಗುವುದೇನು? ಇದನ್ನು ನಾನು ಯೋಚಿಸುವಂತಾದದ್ದು ಎರಡು ವರ್ಷಗಳ ಹಿಂದೆ. ನನ್ನ ತಂದೆಯವರು ಮುಂಬಯಿಯಲ್ಲಿ ಹಲವು ವರ್ಷ ಫರ್ನಿಚರ್ ಕೆಲಸದಲ್ಲಿದ್ದು ಊರಿಗೆ ಮರಳಿದವರು. ಅವರ ಕೆಲಸವೆಲ್ಲ ಪ್ಲೈವುಡ್ಡಿನದು, ಯಂತ್ರದ್ದು. ಮನೆಯ ಹಿಂದಿನ ಹಳೆಯ ಕೊಟ್ಟಿಗೆಯನ್ನು ಕೆಡವುವಾಗ ಪೆಟ್ಟಿಗೆ ಹೊರಗೆ ಬಂತು, ಗುಜರಿಯವನೂ ಬಂದ. ಕಬ್ಬಿಣವನ್ನು ತೂಕಕ್ಕೆ ತೆಗೆದುಕೊಳ್ಳುತ್ತೇನೆ, ಮರದ ಹಿಡಿಗಳು ತನಗೆ ಬೇಡ, ಕಿತ್ತು ಕೊಡಿ ಎಂದ. ಅಜ್ಜ ಜಗಲಿಯಲ್ಲಿ ಕುಳಿತಿದ್ದರು. ‘ಕೊಡುವುದಾದರೆ ಕೊಡಿ. ಹಿಡಿ ಕೀಳುವುದನ್ನು ಮಾತ್ರ ನನ್ನ ಕಣ್ಣೆದುರು ಮಾಡಬೇಡಿ’ ಎಂದರು. ಆ ಹಿಡಿಗಳಲ್ಲಿ ಅವರ ಬೆರಳುಗಳು ಕೂತು ಕೂತು ತಗ್ಗಾಗಿವೆ. ಬಾಚಿಯ ಕಾವಿನಲ್ಲಿ ಅವರಿಗಿಂತ ಹಿಂದಿನವರ ಹೆಬ್ಬೆರಳಿನ ಗುರುತೂ ಇದೆಯಂತೆ. ತಕ್ಕಡಿಗೆ ಬಾರದ ಭಾಗ ಅದೇ.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹತ್ಯಾರಿಗೆ ಕೈಹಾಕುವ ರೂಢಿ ಇರಲಿಲ್ಲ. ಯಾರೂ ಬೇಡವೆಂದು ಗದರಿದ್ದಲ್ಲ. ಕೇಳುವ ಪ್ರಸಂಗವೇ ಬಂದಿರಲಿಲ್ಲ. ಅಂದು ನಾನು ‘ಅಜ್ಜ, ನನಗೆ ಕೊಡಿ’ ಎಂದೆ. ‘ಇಟ್ಟುಕೊಂಡು ಏನು ಮಾಡುತ್ತಿ?’ ‘ಕಲಿಯುತ್ತೇನೆ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಮೊದಲು ಸಾಣೆ’ ಎಂದರು. ತಂದೆಯವರು ನಕ್ಕರು, ಆದರೆ ಗುಜರಿಯವನನ್ನು ಕಳುಹಿಸಿಬಿಟ್ಟರು.

ಒಂದೂವರೆ ತಿಂಗಳು ನನಗೆ ಮರ ಮುಟ್ಟಲು ಅಪ್ಪಣೆಯಿರಲಿಲ್ಲ. ಮೊದಲು ತುಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜುವುದು. ಆ ಮೇಲೆ ಉಳಿಯ ಬೆನ್ನನ್ನು ಕಲ್ಲಿನ ಮೇಲೆ ಕನ್ನಡಿಯಂತೆ ಸಮಮಾಡುವುದು. ಅನಂತರ ಓರೆಯನ್ನು ಸುಮಾರು 25ರಿಂದ 30 ಡಿಗ್ರಿಯ ಕೋನದಲ್ಲಿ, ಮಣಿಕಟ್ಟು ಅಲುಗದಂತೆ, ಕಲ್ಲಿನ ಮೇಲೆ ಓಡಿಸುವುದು. ಕೋನ ಕಿರಿದಾದರೆ ಬಾಯಿ ಚೂಪಾದರೂ ಬೇಗ ಮುರಿಯುತ್ತದೆ. ಹಿರಿದಾದರೆ ಬಾಳಿಕೆ ಬರುತ್ತದೆ, ಕೊರೆಯುವುದಿಲ್ಲ. ಹರಿತವಾಯಿತೇ ಎಂದು ನೋಡಲು ಬಾಯಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲನೆ ಇಡಬೇಕು. ಜಾರಿದರೆ ಇನ್ನೂ ಮೊಂಡು, ನಿಂತರೆ ಹರಿತ. ಮೊದಲ ಬಾರಿ ಉಳಿ ಉಗುರಿನ ಮೇಲೆ ನಿಂತ ದಿನ ನನಗಾದ ಸಂತೋಷ ಪರೀಕ್ಷೆಯ ಫಲಿತಾಂಶದ ದಿನವೂ ಆಗಿರಲಿಲ್ಲ! ಆ ವರ್ಷ ದಸರಾ ರಜೆಯಲ್ಲಿ, ಆಯುಧಪೂಜೆ ಕಳೆದ ಮೇಲೆ, ಹಲಸಿನ ಹಲಗೆಯಿಂದ ಒಂದು ಗಿಡ್ಡ ಮಣೆ ಮಾಡಿದೆ. ನಾಲ್ಕು ಕಾಲುಗಳು, ಒಂದೂ ಮೊಳೆಯಿಲ್ಲ. ಅಜ್ಜಿ ಈಗ ಅದರ ಮೇಲೆ ಕುಳಿತು ಶಂಕರಪುರದ ಮಲ್ಲಿಗೆ ಕಟ್ಟುತ್ತಾರೆ. ತಂದೆಯವರು ಅದನ್ನು ತಿರುಗಿಸಿ, ಕಾಲು ಕೂರಿಸಿದ ಕಡೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ‘ಸಂದಿಲ್ಲ’ ಎಂದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶಂಸೆಯ ಮಾತು ಇಲ್ಲ.

ಸಾಣೆ ಹಿಡಿಯುತ್ತ ಕುಳಿತಾಗ ಅಜ್ಜನ ಬಾಯಿಂದ ಬರುವ ಮಾತುಗಳನ್ನು ನಾನು ಒಂದು ನೋಟುಪುಸ್ತಕದಲ್ಲಿ ಬರೆದಿಡತೊಡಗಿದೆ. ಎಳೆ, ಗಂಟು, ತಿರುಳು, ಕಾವು, ಬೆಣೆ, ಹದ, ಮಟ್ಟ, ನೂಲು – ಹೀಗೆ ಈಗ ಇನ್ನೂರು ದಾಟಿವೆ. ಬರೆಯುತ್ತ ಹೋದಂತೆ ನಾವು ದಿನವೂ ಆಡುವ ಕನ್ನಡ ಎಷ್ಟರಮಟ್ಟಿಗೆ ಕಾರ್ಯಶಾಲೆಯಲ್ಲಿ ಹುಟ್ಟಿದೆಯೆಂದು ತಿಳಿಯಿತು. ಬುದ್ಧಿಗೆ ‘ಸಾಣೆ ಹಿಡಿ’ಯುತ್ತೇವೆ, ಮಾತನ್ನು ‘ಒರೆಗೆ ಹಚ್ಚು’ತ್ತೇವೆ, ಒಳ್ಳೆಯವರನ್ನು ‘ಪುಟಕ್ಕಿಟ್ಟ ಚಿನ್ನ’ವೆನ್ನುತ್ತೇವೆ, ಪ್ರಬಂಧದ ‘ಮಟ್ಟ’ ಕಡಿಮೆಯಾಯಿತೆಂದು ಅಧ್ಯಾಪಕರು ಬರೆಯುತ್ತಾರೆ. ಸಾಣೆ ಬಡಗಿಯದು, ಒರೆ ಮತ್ತು ಪುಟ ಅಕ್ಕಸಾಲಿಯದು, ಮಟ್ಟ ಮರ–ಕಲ್ಲು ಕೆಲಸದವರದು. ಹತ್ಯಾರು ಮರೆತರೂ ಮಾತು ಕೆಲಕಾಲ ಉಳಿಯುತ್ತದೆ. ಆದರೆ ಬೇರು ಕಡಿದ ಬಳ್ಳಿಯಂತೆ ಅದೂ ಬಾಡುತ್ತದೆ.

ನಮ್ಮ ಹಿಂದಿನ ವಿದ್ವಾಂಸರು ಇದನ್ನು ಚೆನ್ನಾಗಿ ಅರಿತಿದ್ದರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟನ್ನು ತೆರೆದರೆ ಬಾಚಿ, ಉಳಿ, ಬೈರಿಗೆ ಮೂರೂ ಅಲ್ಲಿವೆ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರ ನೇತೃತ್ವದಲ್ಲಿ ಸಿದ್ಧವಾದ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರವರೆಗೆ ಹೊರಬಂದುವು. ಆ ಕೆಲಸಕ್ಕಾಗಿ ಜನರ ಬಾಯಿಂದಲೇ ಮಾತುಗಳನ್ನು ಕೇಳಿ ಸಂಗ್ರಹಿಸಿದರು. ಬಂಟ್ವಾಳದ ಬಿ. ಸಿ. ರೋಡಿನಲ್ಲಿ ಪ್ರೊಫೆಸರ್ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿ ನಮ್ಮ ನಾಡಿನ ಹಳೆಯ ಸಲಕರಣೆಗಳನ್ನು ಸಾಲಾಗಿ ಇರಿಸಿದ್ದಾರೆ. ಇವೆಲ್ಲ ದೊಡ್ಡ ಕೆಲಸಗಳು. ಆದರೆ ನಿಘಂಟಿನಲ್ಲಿ ‘ಬೈರಿಗೆ’ ಎಂಬ ಮಾತು ಇದೆ, ಹುರಿ ಎಷ್ಟು ಬಿಗಿಯಿರಬೇಕೆಂಬುದು ಇಲ್ಲ. ಸಂಗ್ರಹಾಲಯದಲ್ಲಿ ಉಳಿ ಇದೆ, ಉಗುರಿನ ಮೇಲೆ ಅದು ನಿಲ್ಲುತ್ತದೆಯೇ ಎಂದು ನೋಡುವವರಿಲ್ಲ. ಮಾತು, ವಸ್ತು, ಕೈ – ಈ ಮೂರೂ ಒಟ್ಟಿಗಿದ್ದರೆ ಮಾತ್ರ ವಿದ್ಯೆ ಉಳಿಯುತ್ತದೆ; ಒಂದು ಹೋದರೆ ಉಳಿದೆರಡು ಅರೆಜೀವ. ಅಜ್ಜನ ಪೆಟ್ಟಿಗೆಯಿಂದ ನಾನು ಕಲಿತ ಮುಖ್ಯ ಪಾಠ ಇದೇ.

ಸರಕಾರದ ಗಮನವೂ ಈ ಕಡೆಗೆ ಹರಿದಿದೆ. 2023ರ ಸಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ದೋಣಿ ಕಟ್ಟುವವರು, ಕಮ್ಮಾರರು ಸೇರಿದಂತೆ 18 ಕಸುಬುಗಳಿದ್ದು, ಹತ್ಯಾರು ಕೊಳ್ಳಲು 15,000 ರೂಪಾಯಿಗಳ ನೆರವಿದೆ. ಹೊಸ ಹತ್ಯಾರು ಬರಲಿ, ಬರಬೇಕು. ಅದರ ಜೊತೆಗೆ ಹಳೆಯ ಕೈಗಳನ್ನು ಕೂರಿಸಿ ಕೇಳುವ ಕೆಲಸವೂ ಆಗಬೇಕು. ಅದಕ್ಕೆ ಹಣ ಬೇಡ, ಕಿವಿ ಸಾಕು. ಮತ್ತು ಅದು ನಮ್ಮಂಥ ಕಲಾ ವಿದ್ಯಾರ್ಥಿಗಳಿಗೇ ತಕ್ಕ ಕೆಲಸ.

ಹತ್ಯಾರಿನ ಹವ್ಯಾಸಕ್ಕೆ ಇಳಿಯಬಯಸುವ ಮಿತ್ರರಿಗಾಗಿ ಕೆಲವು ಸೂಚನೆಗಳನ್ನು ಇಲ್ಲಿ ಕೊಡುತ್ತೇನೆ. ಒಂದನೆಯದಾಗಿ, ಕೆಲಸ ಮುಗಿದೊಡನೆ ಉಕ್ಕನ್ನು ಒರಸಿ ತೆಳ್ಳಗೆ ತೆಂಗಿನೆಣ್ಣೆ ಸವರಿರಿ. ಕಡಲ ಗಾಳಿಗೆ ಒಂದೇ ರಾತ್ರಿ ಸಾಕು ತುಕ್ಕು ಹಿಡಿಯಲು. ಎರಡನೆಯದಾಗಿ, ಉಳಿಗಳನ್ನು ಬಾಯಿಗೆ ಬಾಯಿ ತಾಗದಂತೆ ಬಟ್ಟೆಯಲ್ಲಿ ಸುತ್ತಿಡಿರಿ. ಮೂರನೆಯದಾಗಿ, ಕೊರೆಯುವಾಗ ಎರಡೂ ಕೈಗಳು ಅಲಗಿನ ಹಿಂದೆಯೇ ಇರಲಿ. ಮೊಂಡಾದ ಉಳಿಗೆ ಬಲ ಹಾಕಬೇಕಾಗುವುದರಿಂದ ಹರಿತವಾದುದಕ್ಕಿಂತ ಮೊಂಡಾದುದೇ ಹೆಚ್ಚು ಅಪಾಯಕಾರಿ ಎಂಬುದು ನೆನಪಿರಲಿ. ನಾಲ್ಕನೆಯದಾಗಿ, ಹಳೆಯ ಹಿಡಿಯನ್ನು ಅದು ಒಡೆಯುವವರೆಗೆ ಬದಲಿಸಬೇಡಿ; ಕೈ ಎಲ್ಲಿ ಹಿಡಿಯಬೇಕೆಂದು ಅದರ ಸವೆತವೇ ಹೇಳಿಕೊಡುತ್ತದೆ.

ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಬಡಗಿಯ ಮನೆಯವರಿದ್ದಾರೆ, ಮೀನುಗಾರರ, ಕುಂಬಾರರ, ನೇಕಾರರ, ರೈತರ ಮನೆಯವರಿದ್ದಾರೆ. ಪ್ರತಿಯೊಂದು ಮನೆಯ ಮೂಲೆಯಲ್ಲೂ ಒಂದು ಪೆಟ್ಟಿಗೆಯೋ ಬುಟ್ಟಿಯೋ ಇದ್ದೇ ಇದೆ. ಮುಂದಿನ ವರ್ಷ ನಾವು ಒಬ್ಬೊಬ್ಬರೂ ನಮ್ಮ ಮನೆಯ ಒಂದೊಂದು ಹತ್ಯಾರನ್ನು ತಂದು, ಅದರ ಹೆಸರು, ಅದರ ಭಾಗಗಳ ಹೆಸರು, ಅದನ್ನು ಬಳಸುವ ಕ್ರಮ ಇಷ್ಟನ್ನು ಒಂದು ಕಾಗದದಲ್ಲಿ ಬರೆದು, ಕಾಲೇಜಿನ ಸಭಾಂಗಣದಲ್ಲಿ ಒಂದು ದಿನದ ಪ್ರದರ್ಶನವನ್ನು ಏಕೆ ಏರ್ಪಡಿಸಬಾರದು? ಸಾಧ್ಯವಾದರೆ ಅದನ್ನು ಬಳಸಬಲ್ಲ ಹಿರಿಯರನ್ನೂ ಕರೆತರೋಣ. ಅಧ್ಯಾಪಕರು ಮಾರ್ಗದರ್ಶನ ಮಾಡುವರೆಂಬ ಭರವಸೆ ನನಗಿದೆ. ಆ ದಿನ ಬೈರಿಗೆಯನ್ನು ನಡೆಸಿ ತೋರಿಸುವ ಹೊಣೆ ನನ್ನದು. ಹುರಿಯ ಇನ್ನೊಂದು ತುದಿಯನ್ನು ಎಳೆಯಲು ಯಾರಾದರೂ ಮಿತ್ರರು ಮುಂದೆ ಬರಬೇಕೆಂದು ಈಗಲೇ ವಿನಂತಿಸಿಕೊಳ್ಳುತ್ತೇನೆ.